ಒಳಬಾಗಿದ ಅಲಗು

ಮೊಳಕಾಲ್ಮೂರಿಗೆ ಹೋಗಿಬಂದೆ ಎಂದರೆ ಮನೆಯವರು ಮೊದಲು ನೋಡುವುದು ಕೈಯಲ್ಲಿರುವ ಚೀಲವನ್ನು. ಸೀರೆ ಬಂತೋ ಇಲ್ಲವೋ ಎಂಬುದಷ್ಟೇ ಅವರ ಲೆಕ್ಕ. ಅದು ತಪ್ಪೂ ಅಲ್ಲ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಅಂಚಿಗೊಂದು ಒಡಲಿಗೊಂದು ಬಣ್ಣ ಕೂಡಿಸಿ ನೇಯುವ ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಚಳ್ಳಕೆರೆಯ ಕಡೆಯಿಂದ ಬರುವವರಾದರೆ ಒಂದು ಕರಿ ಕಂಬಳಿ ತರಬೇಕು, ಇಲ್ಲವೇ ಶೇಂಗಾ ಎಣ್ಣೆಯ ಡಬ್ಬ ಹೊರಬೇಕು. ಎಣ್ಣೆ ಮಿಲ್ಲುಗಳ ದೆಸೆಯಿಂದ ಆ ಊರಿಗೆ ‘ಎಣ್ಣೆ ನಗರ’ ಎಂಬ ಹೆಸರೇ ಬಿದ್ದಿದೆ.

ನಾನು ತಂದದ್ದು ಕುಡುಗೋಲು.

ಗೋಣಿತುಂಡು ಬಿಚ್ಚಿದಾಗ ಮನೆಯಲ್ಲಿ ಹೊರಟ ಮೊದಲ ಮಾತು, “ಇದೇನು, ಲಾಂಗ್ ತಂದಿದ್ದೀರಾ?” 1995ರಲ್ಲಿ ರೌಡಿಗಳ ಕಥೆಯ ‘ಓಂ’ ಸಿನಿಮಾ ಬಂದಂದಿನಿಂದ ಬೆಂಗಳೂರಿನವರಿಗೆ ಬಾಗಿದ, ಹರಿತವಾದ ಏನನ್ನು ಕಂಡರೂ ಕಿವಿಯಲ್ಲಿ ಹಿನ್ನೆಲೆ ಸಂಗೀತ ಶುರುವಾಗುತ್ತದೆ. ರೌಡಿಗಳ ಕೈಗೆ ಹೋದ ಮಚ್ಚಿಗೂ ರಾಗಿ ಕೊಯ್ಯುವ ಕುಡುಗೋಲಿಗೂ ಸಂಬಂಧವಿಲ್ಲ ಎಂದು ವಿವರಿಸುವುದು ವ್ಯರ್ಥ. ಅದನ್ನು ಕೈಗೆ ಕೊಟ್ಟು ಹುಲ್ಲು ಕೊಯ್ಯಲು ಹೇಳಬೇಕು, ಆಗ ತಾನಾಗಿಯೇ ತಿಳಿಯುತ್ತದೆ. ಮಚ್ಚು ಬೀಸಿ ಹೊಡೆಯುವ ವಸ್ತು. ಕುಡುಗೋಲು ಹತ್ತಿರಕ್ಕೆ ಎಳೆದುಕೊಳ್ಳುವ ವಸ್ತು.

ಜಾಲಿಮರದ ಕಾವು, ಗೇಣಿಗಿಂತ ತುಸು ಉದ್ದದ ಅಲಗು. ಅಲಗು ಕಾವಿನಿಂದ ನೆಟ್ಟಗೆ ಹೊರಟು, ಏನೋ ಮರೆತದ್ದು ನೆನಪಾಗಿ ದಾರಿಯಿಂದಲೇ ಹಿಂದಕ್ಕೆ ತಿರುಗಿದವರ ಹಾಗೆ ಒಳಕ್ಕೆ ಬಾಗಿ, ತನ್ನನ್ನು ಹಿಡಿದವರ ಕಡೆಗೇ ಮೂತಿ ಮಾಡಿ ನಿಲ್ಲುತ್ತದೆ. ಬಾಯಿ ಇರುವುದು ಒಳಗಡೆ, ಬೆನ್ನು ಹೊರಗಡೆ. ಕತ್ತಿ, ಖಡ್ಗ, ಈಟಿ, ಬಾಣ ಎಲ್ಲವೂ ತಮ್ಮ ಹರಿತವನ್ನು ಎದುರಿನವನಿಗೆ ತೋರಿಸುತ್ತವೆ. ಕುಡುಗೋಲು ತನ್ನ ಹರಿತವನ್ನು ಒಡೆಯನಿಗೆ ತೋರಿಸುತ್ತದೆ. ಇಷ್ಟು ವರ್ಷ ಕುಡುಗೋಲುಗಳನ್ನು ನೋಡಿಯೂ ಇದನ್ನು ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಬೇರೇನೂ ಕಾಣದಾಯಿತು.

ಅದನ್ನು ಕೊಂಡದ್ದು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ದಾರಿಯ ಬದಿಯ ಒಂದು ಕುಲುಮೆಯಲ್ಲಿ. ಗಂಡ ಹೆಂಡತಿ ಇಬ್ಬರೇ. ಯಜಮಾನರ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಎದುರು ನಿಂತ ಹೆಂಗಸಿನ ಎರಡೂ ಕೈಯಲ್ಲಿ ದೊಡ್ಡ ಸುತ್ತಿಗೆ. ಸಣ್ಣ ಸುತ್ತಿಗೆ ಬಿದ್ದ ಜಾಗಕ್ಕೆ ಮರುಕ್ಷಣ ದೊಡ್ಡದು ಬೀಳಬೇಕು. ಹಾಗಾಗಿ ಸಣ್ಣದು ಬಡಿಯುವುದಕ್ಕಿಂತ ಹೆಚ್ಚಾಗಿ ದಾರಿ ತೋರಿಸುತ್ತದೆ: ಇಲ್ಲಿ, ಇಲ್ಲಿ, ಇನ್ನೊಂಚೂರು ಈಚೆ. ಬಾಯಲ್ಲಿ ಒಂದು ಮಾತಿಲ್ಲ. ಸುತ್ತಿಗೆಯನ್ನು ಅಡಿಗಲ್ಲಿನ ಅಂಚಿಗೆ ಸುಮ್ಮನೆ ಕುಟ್ಟಿದರೆ ‘ಸಾಕು’ ಎಂದರ್ಥ. ಊರೂರು ತಿರುಗಿ ರಸ್ತೆ ಪಕ್ಕ ಡೇರೆ ಹಾಕುವ ಬೈಲು ಕಮ್ಮಾರರಲ್ಲೂ ದೊಡ್ಡ ಸುತ್ತಿಗೆ ಎತ್ತುವವರು ಹೆಂಗಸರೇ. ಕಮ್ಮಾರಿಕೆ ಗಂಡಸರ ಕಸುಬೆಂದು ಬರೆದವರು ಯಾವ ಕುಲುಮೆಯ ಮುಂದೆ ನಿಂತು ನೋಡಿದರೋ ತಿಳಿಯದು.

“ಏನ್ ಕೊಯ್ತೀರ ಸ್ವಾಮಿ ಇದ್ರಾಗೆ?”

ಹೊಲವಿಲ್ಲ, ಹಸುವಿಲ್ಲ ಎಂದೆ. ಅವರು ನನ್ನ ಅಂಗೈ ನೋಡಿದರು.

“ಗ್ವಾಡೆಗೆ ನೇತಾಕಾಕಾದ್ರೆ ಬ್ಯಾಡ ಬಿಡ್ರಿ. ಕೆಲ್ಸ ಕೊಡ್ಲಿಲ್ಲಾಂದ್ರೆ ತುಕ್ಕು ಹಿಡೀತೈತೆ.”

ಮಾರುವವನೇ ಕೊಳ್ಳುವವನಿಗೆ ಷರತ್ತು ಹಾಕುವ ಅಂಗಡಿಗಳು ಈಗ ಕಡಿಮೆ. ಬಾಳೆಎಲೆ, ತೆಂಗಿನ ಗರಿ, ಪಕ್ಕದ ಖಾಲಿ ಸೈಟಿನ ಹುಲ್ಲು ಎಂದು ನನ್ನ ಕೃಷಿಯ ಪಟ್ಟಿ ಒಪ್ಪಿಸಿದ ಮೇಲೆ ಮುಂದಿನ ಪ್ರಶ್ನೆ ಬಂತು: “ಎಡಗೈಯೋ, ಬಲಗೈಯೋ?” ಕುಡುಗೋಲಿನ ಕಕ್ಕನ್ನು ಅಲಗಿನ ಒಂದೇ ಮೈಗೆ ಹಾಕುತ್ತಾರೆ. ಉಳಿಯಿಟ್ಟು ಸಣ್ಣಗೆ ಕುಟ್ಟುತ್ತ, ನೂಲೆಳೆಯಷ್ಟು ಅಂತರದಲ್ಲಿ ಹಲ್ಲು ಕೊರೆಯುತ್ತ ಹೋಗುವುದು. ಉಕ್ಕು ಮೆತ್ತಗಿರುವಾಗಲೇ, ನೀರಿಗೆ ಇಳಿಯುವ ಮುಂಚೆಯೇ ಅದು ಮುಗಿಯಬೇಕು. ಎಡಚರಿಗೆ ಆ ಹಲ್ಲು ಇನ್ನೊಂದು ಮೈಗೆ ಬರಬೇಕು, ಇಲ್ಲದಿದ್ದರೆ ಅಲಗು ದಂಟಿನ ಮೇಲೆ ಜಾರುತ್ತದೆ. ಶಾಲೆಯ ಡೆಸ್ಕು, ಕತ್ತರಿ, ಬಸ್ಸಿನ ಹಿಡಿಕೆ ಎಲ್ಲವನ್ನೂ ಬಲಗೈಯವರಿಗೇ ಮಾಡಿಟ್ಟಿರುವ ಈ ಲೋಕದಲ್ಲಿ, ಬೆಲೆ ಹೇಳುವ ಮುಂಚೆಯೇ ಗಿರಾಕಿಯ ಕೈ ಯಾವುದೆಂದು ವಿಚಾರಿಸಿದ್ದು ಒಬ್ಬ ಹಳ್ಳಿ ಕಮ್ಮಾರ.

ಕುಡುಗೋಲಿನ ಮೂಲ ಒಂದು ಲಾರಿ. ಲಾರಿಯ ಅಡಿಯ ಕಮಾನು ಪಟ್ಟಿ ಹಳತಾದರೆ ಗುಜರಿಗೆ ಬರುತ್ತದೆ, ಅಲ್ಲಿಂದ ಕುಲುಮೆಗೆ. ಅದರಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲ ಇರುವುದರಿಂದ ಅಲಗಿಗೆ ಬೇಕಾದ ಗಡಸು ಬರುತ್ತದೆ. ಕುಲುಮೆಯ ಮುಂದಿನದು ಬಳ್ಳಾರಿಯ ಕಡೆಯ ಹೆದ್ದಾರಿ. ಸಂಡೂರಿನ ಅದಿರು ಹೊತ್ತು ಓಡಿದ ಲಾರಿಯದೇ ಪಟ್ಟಿಯಾಗಿದ್ದರೂ ಆಶ್ಚರ್ಯವಿಲ್ಲ. ಕಬ್ಬಿಣವೇ ಕಬ್ಬಿಣವನ್ನು ಹೊತ್ತು ಸವೆದು, ಕಡೆಗೆ ಹುಲ್ಲು ಕೊಯ್ಯಲು ಹೋಗುವುದು.

ಕುಲುಮೆಯ ಒಳಗೆ ಹಗಲಲ್ಲೂ ಮಬ್ಬುಗತ್ತಲೆ. ಬಡತನಕ್ಕೆ ಕಿಟಕಿ ಇಟ್ಟಿಲ್ಲವೆಂದುಕೊಂಡಿದ್ದೆ, ಆದರೆ ಅದು ಬೇಕೆಂದೇ ಇಟ್ಟ ಕತ್ತಲೆ. ಬಿಸಿಲಿನಲ್ಲಿ ಕೆಂಡದ ಬಣ್ಣ ತಿಳಿಯುವುದಿಲ್ಲ, ಬಣ್ಣ ತಿಳಿಯದಿದ್ದರೆ ಹದ ತಿಳಿಯುವುದಿಲ್ಲ. ಉಕ್ಕು ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರೊಳಗಿನ ಪರಮಾಣುಗಳು ತಮ್ಮ ಸಾಲು ಬದಲಿಸುತ್ತವೆ. ಹೊಸ ಸಾಲಿನ ಸಂದುಗಳಲ್ಲಿ ಇಂಗಾಲ ಕರಗಿ ಸೇರಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ನೀರು ಕುಡಿಸಿದರೆ ಇಂಗಾಲಕ್ಕೆ ಹೊರಬರಲು ಪುರುಸೊತ್ತಾಗುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಆ ಬಿಗಿಯೇ ಅಲಗಿನ ಗಡಸುತನ. ಆದರೆ ಅಷ್ಟು ಬಿಗಿಯಾದದ್ದು ಗಾಜಿನಂತೆ ಒಡೆಯುತ್ತದೆ, ಹಾಗಾಗಿ ಮತ್ತೆ ಸ್ವಲ್ಪವೇ ಕಾಯಿಸಬೇಕು. ಆಗ ಉಜ್ಜಿ ಬೆಳ್ಳಗೆ ಮಾಡಿದ ಲೋಹದ ಮೇಲೆ ಬಣ್ಣಗಳು ಹರಿಯುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಯ ಹೊತ್ತಿಗೆ ನೀಲಿ. ಅದು ಹಚ್ಚಿದ ಬಣ್ಣವಲ್ಲ. ಉಕ್ಕಿನ ಮೈಮೇಲೆ ಏಳುವ ಆಕ್ಸೈಡಿನ ಪೊರೆ ದಪ್ಪವಾಗುತ್ತ ಹೋದಂತೆ ಬೆಳಕು ಅದರಲ್ಲಿ ಬೇರೆಬೇರೆ ಬಗೆಯಲ್ಲಿ ಪ್ರತಿಫಲಿಸುತ್ತದೆ. ಯಜಮಾನರ ಬಳಿ ಉಷ್ಣಮಾಪಕವಿಲ್ಲ, ಬೇಕಾದ ಬಣ್ಣ ತುದಿಗೆ ಬಂದೊಡನೆ ತಣ್ಣಗೆ ಮಾಡಿದರು. ಲೋಹಶಾಸ್ತ್ರದ ಪುಸ್ತಕ ಹೇಳುವುದನ್ನೇ ಅವರ ಕಣ್ಣು ಮಾಡಿ ಮುಗಿಸಿತ್ತು.

ಇನ್ನು ಆ ಬಾಗು. ಅದರ ಗುಟ್ಟು ತಿಳಿಯಲು ಎರಡು ಸಂಗತಿ ಸಾಕು. ನೆಟ್ಟಗಿನ ಅಲಗಿನಿಂದ ಹಿಡಿ ಹುಲ್ಲನ್ನು ಹೊಡೆದರೆ ಹುಲ್ಲು ಬಾಗುತ್ತದೆ, ಜಾರುತ್ತದೆ, ಅರ್ಧ ಉಳಿಯುತ್ತದೆ. ಒಳಬಾಗಿದ ಅಲಗಿನಲ್ಲಿ ಜಾರಿದ ಎಸಳು ಎಲ್ಲಿಗೆ ಹೋಗಬೇಕು? ಬಾಗಿನ ನಡುಮಧ್ಯಕ್ಕೇ ಬರಬೇಕು, ಅಂದರೆ ಕೊಯ್ಲು ನಡೆಯುವ ಜಾಗಕ್ಕೇ. ತಪ್ಪಿಸಿಕೊಳ್ಳುವ ದಾರಿಯೇ ಒಳಗೆ ಕರೆದೊಯ್ಯುತ್ತದೆ. ಎರಡನೆಯದು, ಒತ್ತಿ ಕತ್ತರಿಸುವುದಕ್ಕಿಂತ ಎಳೆದು ಕತ್ತರಿಸಲು ಬಲ ಕಡಿಮೆ ಸಾಕು. ಹಣ್ಣಾದ ಟೊಮೆಟೊ ಹೆಚ್ಚುವ ಎಲ್ಲರಿಗೂ ಇದು ಗೊತ್ತು. ಮೊಣಕೈಯಿಂದ ಎಳೆದಾಗ ಮುಂಗೈ ಸಾಗುವುದು ನೇರ ಗೆರೆಯಲ್ಲಲ್ಲ, ಕಮಾನಿನಲ್ಲಿ. ಅಲಗಿನ ಬಾಗು ಆ ಕಮಾನಿಗೆ ಹೊಂದಿಕೊಂಡಿರುವುದರಿಂದ ಒಂದೇ ಎಳೆತದಲ್ಲಿ ಬುಡದಿಂದ ತುದಿಯವರೆಗೆ ಇಡೀ ಬಾಯಿ ದಂಟಿನ ಮೇಲೆ ಹರಿದುಹೋಗುತ್ತದೆ. ಅಂದರೆ ಕುಡುಗೋಲಿನ ಆಕಾರವನ್ನು ಹುಲ್ಲು ಅರ್ಧ, ತೋಳು ಅರ್ಧ ಸೇರಿ ತೀರ್ಮಾನಿಸಿವೆ. ಅವೆರಡೂ ಬದಲಾಗಿಲ್ಲ, ಆದ್ದರಿಂದ ಅದೂ ಬದಲಾಗಿಲ್ಲ.

ಎಷ್ಟು ಕಾಲದಿಂದ ಬದಲಾಗಿಲ್ಲ ಎಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಕ್ಕದು. ಬ್ರಹ್ಮಗಿರಿ ಇರುವುದು ಅಲ್ಲೇ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದಾಗ ಒಂದರ ಕೆಳಗೊಂದು ಮೂರು ಕಾಲಗಳು ಕಂಡವು. ಎಲ್ಲಕ್ಕೂ ಅಡಿಯಲ್ಲಿ ನುಣ್ಣಗೆ ಉಜ್ಜಿದ ಕಲ್ಲುಕೊಡಲಿಯ ಜನ. ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಜನ, ಕಬ್ಬಿಣ ಬಲ್ಲವರು. ಅದರ ಮೇಲೆ ಚಕ್ರದ ಮೇಲೆ ತಿರುಗಿಸಿದ ನಯವಾದ ಮಡಕೆಗಳ ಕಾಲ. ಕಲ್ಲಿನ ಜನರಿಗೆ ಕೊಡಲಿ ಮಾಡಲು ಬಂತು, ಕುಡುಗೋಲು ಮಾಡುವುದು ಸುಲಭವಿರಲಿಲ್ಲ. ಕಲ್ಲನ್ನು ಉಜ್ಜಿ ಹೊರಬಾಗಿಸಬಹುದು. ತೆಳ್ಳಗೆ ಒಳಬಾಗಿಸಲು ಹೋದರೆ ಬೇಗ ಮುರಿಯುತ್ತದೆ. ಲೋಕದ ಬೇರೆ ಕಡೆ ಆ ಕಾಲದವರು ಬಾಗಿದ ಮರಕ್ಕೋ ಮೂಳೆಗೋ ಕಲ್ಲಿನ ಸಣ್ಣ ಸಣ್ಣ ಚಕ್ಕೆಗಳನ್ನು ಸಾಲಾಗಿ ಅಂಟಿಸಿ ಪೈರು ಕೊಯ್ದರು. ಬಾಗು ಬೇಕು ಎಂಬುದು ಮೊದಲೇ ಗೊತ್ತಿತ್ತು, ಬಾಗುವ ವಸ್ತು ಸಿಕ್ಕಿರಲಿಲ್ಲ. ಕಬ್ಬಿಣ ಬಂದಾಗ ಅದು ಹಳೆಯ ಆಸೆಯೊಂದನ್ನು ಪೂರೈಸಿತು.

ಕಬ್ಬಿಣ ಇಲ್ಲಿಗೆ ಬಂದ ಕಾಲವನ್ನು ವ್ಹೀಲರ್ ತೀರ ಈಚೆಗೆ ಎಳೆದಿದ್ದರು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನ ಅಗೆತದಲ್ಲಿ ಕ್ರಿ.ಪೂ. 1000ರ ಆಸುಪಾಸಿನ ಕಬ್ಬಿಣ ಸಿಕ್ಕಿ ಆ ಲೆಕ್ಕ ಹಿಂದಕ್ಕೆ ಸರಿಯಿತು. ನನ್ನನ್ನು ಹೆಚ್ಚು ಕಾಡಿದ್ದು ಕಾಲದ ಲೆಕ್ಕವಲ್ಲ. ದಕ್ಷಿಣ ಭಾರತದ ಈ ಶಿಲಾ ಸಮಾಧಿಗಳೊಳಗೆ ಮೂಳೆ, ಮಡಕೆ, ಬಾಣದ ಮೊನೆ, ಕತ್ತಿಗಳ ಜೊತೆ ಕುಡುಗೋಲೂ ಸಿಗುತ್ತದೆ. ಈಟಿ ಬಾಣ ಇಟ್ಟದ್ದು ಅರ್ಥವಾಗುತ್ತದೆ: ಸತ್ತವನು ವೀರ, ಆಚೆ ಲೋಕದಲ್ಲೂ ಹಗೆಗಳಿರಬಹುದು. ಕುಡುಗೋಲನ್ನು ಯಾಕಿಟ್ಟರು? ಆಚೆ ಲೋಕದಲ್ಲೂ ಹುಲ್ಲು ಬೆಳೆಯುತ್ತದೆ, ತೆನೆ ಬಾಗುತ್ತದೆ, ಕೊಯ್ಲಿಗೆ ಆಳು ಬೇಕಾಗುತ್ತದೆ ಎಂದು ಯಾರೋ ನಂಬಿದ್ದರು. ಕೆಲಸವಿಲ್ಲದ ಸ್ವರ್ಗವನ್ನು ಅವರು ಊಹಿಸಿಕೊಳ್ಳಲೇ ಇಲ್ಲವೇನೋ. ಇತ್ತ ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲಿಡುವ ವಾಡಿಕೆ ನಿನ್ನೆ ಮೊನ್ನೆಯವರೆಗೂ ಇತ್ತು. ಸೂಲಗಿತ್ತಿಯರು ಹೊಕ್ಕುಳಬಳ್ಳಿ ಕೊಯ್ದದ್ದೂ ಎಷ್ಟೋ ಕಡೆ ಅದರಲ್ಲೇ, ನಂಜಾಗಿ ಎಳೆಕೂಸುಗಳು ಹೋದದ್ದೂ ಅದರಿಂದಲೇ. ಅಚ್ಚರಿಪಡುವ ಭರದಲ್ಲಿ ಇದನ್ನು ಮರೆತರೆ ಬರವಣಿಗೆ ಸುಳ್ಳಾಗುತ್ತದೆ.

ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಊರವರು ಆ ಬಂಡೆಯನ್ನು ‘ಅಕ್ಷರ ಗುಂಡು’ ಎಂದು ಕರೆದರು. ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ, ಹೀಗೆ ಮೂರು ಕಡೆ ಇರುವ ಈ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ತಾಯಿ ತಂದೆಯರ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ ಎಂಬ ರಾಜನ ಬುದ್ಧಿಮಾತು ಮುಗಿದ ಮೇಲೆ, ಬರೆದವನು ತನ್ನ ಹೆಸರನ್ನೂ ಸೇರಿಸಿದ್ದಾನೆ: ಚಪಡ. ಹೆಸರು ಬ್ರಾಹ್ಮಿ ಲಿಪಿಯಲ್ಲಿ, ‘ಲಿಪಿಕಾರ’ ಎಂಬ ಕಸುಬಿನ ಹೆಸರು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅದನ್ನು ಓದಬಲ್ಲವರು ಆಗಿನ ಇಸಿಲದಲ್ಲಿ, ಅಂದರೆ ಈ ಊರಲ್ಲಿ, ಎಷ್ಟು ಜನ ಇದ್ದಾರು? ಆದರೂ ಬರೆದ. ದೂರದಿಂದ ಬಂದವರು ಇಲ್ಲಿಂದ ಏನಾದರೂ ಒಯ್ಯುವುದು ಲೋಕರೂಢಿ. ಚಪಡ ಇಲ್ಲಿ ಒಂದು ಪದವನ್ನು ಬಿಟ್ಟುಹೋದ. ಅದನ್ನು ಕಣಶಿಲೆಯಲ್ಲಿ ಕೊರೆದ ಉಳಿಗೆ ಹದ ಕೊಟ್ಟ ಕಮ್ಮಾರನ ಹೆಸರು ಮಾತ್ರ ಎಲ್ಲೂ ಇಲ್ಲ.

ಜಟಿಂಗ ರಾಮೇಶ್ವರದ ಬಂಡೆಗೆ ಜನರಿಟ್ಟ ಹೆಸರು ಇನ್ನೂ ಸೊಗಸು: ‘ಬಳೆಗಾರನ ಗುಂಡು’. ಜಾತ್ರೆಗೆ ಬೆಟ್ಟ ಹತ್ತಿ ಬಂದವರಿಗಾಗಿ ಬಳೆಗಾರರು ಅಂಗಡಿ ಹಾಸುತ್ತಿದ್ದುದು ಆ ಬಂಡೆಯ ಮೇಲೆ. ಚಕ್ರವರ್ತಿಯ ಅಕ್ಷರಗಳು ಸವೆದು ಓದಲಾಗದ ಸ್ಥಿತಿಗೆ ಬಂದರೂ ಯಾತ್ರೆಗೆ ಹೋದವರು ಏನಾದರೊಂದು ಕೊಂಡು ತರಬೇಕೆಂಬ ಆಸೆ ಸವೆಯಲಿಲ್ಲ. ನನ್ನ ಕುಡುಗೋಲೂ ಅದೇ ಪರಂಪರೆಯದು, ನಾಚಿಕೆಯೇನಿಲ್ಲ.

ನಾಚಿಕೆ ಪಡಬೇಕಾದದ್ದು ತಂದು ಗೋಡೆಗೆ ತೂಗುಹಾಕುವುದಕ್ಕೆ. ಮಡಿಕೇರಿಗೆ ಹೋದವರು ಅಂಗಡಿಗಳಲ್ಲಿ ಪೀಚೆಕತ್ತಿಯ ಪುಟ್ಟ ನಕಲುಗಳನ್ನು ಕೊಳ್ಳುತ್ತಾರೆ. ಕೊಡವರ ಸೊಂಟದಲ್ಲಿ, ಚೇಲೆ ಎಂಬ ನಡುಪಟ್ಟಿಯ ಮೇಲೆ ಆ ಕತ್ತಿಗೆ ಒಂದು ಘನತೆ ಇದೆ; ಬೆನ್ನ ಹಿಂದೆ ತೊಡಂಗ್ ಎಂಬ ಕೊಕ್ಕೆಯಲ್ಲಿ ಸಿಕ್ಕಿಸುವ ಅಗಲವಾದ ಬಾಗಿದ ಒಡಿಕತ್ತಿಗೆ ಯುದ್ಧದ ನೆನಪಿದೆ. ಬೆಂಗಳೂರಿನ ಷೋಕೇಸಿನಲ್ಲಿ ಅದೇ ಪೀಚೆಕತ್ತಿ, ಹರಿತವಿಲ್ಲದ ತಗಡಾಗಿ, ತಾಜ್‌ಮಹಲಿನ ಗೊಂಬೆಯ ಪಕ್ಕ ನಿಂತಿರುತ್ತದೆ. ಕತ್ತರಿಸಲು ಬಾರದ ಕತ್ತಿಯನ್ನು ನೋಡಿ ಬೆರಗಾಗುವುದು ಹೇಗೋ ನನಗೆ ತಿಳಿಯದು. ಕುಡುಗೋಲಿಗೆ ಆ ಅಪಾಯ ಕಡಿಮೆ, ಯಾಕೆಂದರೆ ಅದು ಅಷ್ಟು ಚೆಂದವಾಗಿಲ್ಲ. ಕುಲುಮೆಯಿಂದ ಬರುವಾಗ ಅದರ ಮೈ ಕಪ್ಪು, ಸುತ್ತಿಗೆಯ ಏಟಿನ ಗುರುತುಗಳು ಹಾಗೆಯೇ ಇರುತ್ತವೆ. ಬೆಳ್ಳಗಿರುವುದು ಬಾಯಿ ಮಾತ್ರ.

ಬಳಸಲು ಕಲಿಸಿದ್ದು ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ, ಪಾವಗಡದ ಕಡೆಯವರು. ನಾನು ನಿಂತುಕೊಂಡು ಬೀಸುತ್ತಿದ್ದುದನ್ನು ನೋಡಿ ಬುಟ್ಟಿ ಇಳಿಸಿ ಬಂದರು. “ಕುಕ್ಕರಗಾಲಲ್ಲಿ ಕೂತ್ಕೊಳಪ್ಪ. ಮದ್ಲು ಎಡಗೈ, ಆಮ್ಯಾಕೆ ಬಲಗೈ.” ಎಡಗೈ ಹಿಡಿ ತುಂಬ ಹುಲ್ಲು ಕೂಡಿಸಿಕೊಳ್ಳಬೇಕು, ಹೆಬ್ಬೆರಳು ಮೇಲ್ಮುಖವಾಗಿರಬೇಕು, ಹುಲ್ಲನ್ನು ತುಸು ಆಚೆಗೆ ಬಾಗಿಸಿ ಬಿಗಿಮಾಡಬೇಕು. ಆಮೇಲೆ ಬುಡದ ಸುತ್ತ ಕುಡುಗೋಲು ಹಾಕಿ ಎಳೆದರೆ ಆಯಿತು. ಬೀಸುವುದಿಲ್ಲ, ಹೊಡೆಯುವುದಿಲ್ಲ. ಸರ್ ಎಂಬ ಸಣ್ಣ ಸದ್ದು, ಹಿಡಿ ಹುಲ್ಲು ಎಡಗೈಯಲ್ಲಿ. ಅಲ್ಲಿಯವರೆಗೆ ಕೊಯ್ಯುವುದೆಂದರೆ ಬಲಗೈಯ ಕೆಲಸ ಎಂದುಕೊಂಡಿದ್ದೆ. ಅದರ ಮುಕ್ಕಾಲು ಪಾಲು ಎಡಗೈಯದು. ಮೊದಲು ಹಿಡಿದುಕೊಳ್ಳಬೇಕು. ಹಿಡಿಯದೆ ಕೊಯ್ಯಲು ಬಾರದಂತೆ ಆ ಬಾಗು ನೋಡಿಕೊಂಡಿದೆ. ಮುಗಿದ ಮೇಲೆ ಅಜ್ಜಿ ಕುಡುಗೋಲನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ. ನಂಬಿಕೆ ಏನೇ ಇರಲಿ, ಬೆರಳು ಉಳಿಸುವ ರೂಢಿ ಅದು.

ಚಳ್ಳಕೆರೆ ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಅಲ್ಲಿನ ಹೊಲಗಳಲ್ಲಿ ಶೇಂಗಾ ತುಂಬಿಕೊಂಡ ಮೇಲೆ ಕುಡುಗೋಲಿನ ಕೆಲಸ ಅರ್ಧವಾಯಿತು, ಯಾಕೆಂದರೆ ಶೇಂಗಾವನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ. ರಾಗಿ, ಸಜ್ಜೆ, ನವಣೆ ಇರುವಲ್ಲಿ, ಕುರಿಗೆ ಸೊಪ್ಪು ಬೇಕಿರುವಲ್ಲಿ ಅದು ಉಳಿದುಕೊಂಡಿದೆ. ಗಳದ ತುದಿಗೆ ಕುಡುಗೋಲು ಕಟ್ಟಿ ಜಾಲಿಯ ಕೊಂಬೆ ಇಳಿಸುವ ಕುರಿಗಾಹಿಗಳು ಈಗಲೂ ಕಾಣುತ್ತಾರೆ. ಅವರ ಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಈಗ ಬೇಲಿಯೊಳಗಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿ.ಆರ್.ಡಿ.ಒ., ಭಾಭಾ ಅಣು ಸಂಶೋಧನಾ ಕೇಂದ್ರ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆಂದು ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನೇ ತೋಡಿದರು. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ನೌಕೆ, ಒಳಗೆ ಯಾರೂ ಇಲ್ಲದೆ, ತಾನೇ ದಾರಿ ತಿದ್ದಿಕೊಂಡು ಚಳ್ಳಕೆರೆಯ ಓಡುದಾರಿಯ ಮೇಲೆ ಇಳಿಯಿತು. ಅದೂ ದೊಡ್ಡ ಬೆರಗೇ, ಅಲ್ಲಗಳೆಯಲಾರೆ. ಬೇಲಿಯ ಆಚೆ ಅಷ್ಟು ಬೆರಗು ನಡೆಯುವಾಗ ಈಚೆಯ ಕುಲುಮೆಯದೂ ಬೆರಗೇ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಆ ನೌಕೆಗೆ ಇಂಜಿನಿಯರುಗಳ ಪಟ್ಟಿ ಇದೆ. ಕುಡುಗೋಲಿಗೆ ಸಾವಿರಾರು ವರ್ಷಗಳ ಅನಾಮಿಕರಿದ್ದಾರೆ. ಅವರಲ್ಲಿ ಪ್ರತಿಯೊಬ್ಬರೂ ಒಂದೊಂದು ಏಟು ಹಾಕಿ, ಬಾಗು ಸರಿಯಿದೆಯೇ ಎಂದು ಹೊಲದಲ್ಲಿ ನೋಡಿ, ಸುಮ್ಮನಾಗಿದ್ದಾರೆ.

ನೀವು ಆ ಕಡೆ ಹೋದರೆ ಸೀರೆ ಕೊಳ್ಳಿ, ನೇಕಾರರಿಗೂ ವ್ಯಾಪಾರವಾಗಬೇಕು. ಬ್ರಹ್ಮಗಿರಿಗೆ ಹೋಗಿ ಚಪಡನ ರುಜು ನೋಡಿ. ಬರುವಾಗ ದಾರಿಯಲ್ಲಿ ಸುತ್ತಿಗೆಯ ಜೋಡಿ ಸದ್ದು ಕೇಳಿಸಿದರೆ ಗಾಡಿ ನಿಲ್ಲಿಸಿ. ಎಡಚರಾದರೆ ಮೊದಲೇ ಹೇಳಿ. ಹರಳೆಣ್ಣೆ ಸವರಿ ಗೋಣಿಯಲ್ಲಿ ಸುತ್ತಿಸಿಕೊಳ್ಳಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಟ್ಟುಕೊಂಡರೆ ಭದ್ರತೆಯವರು ಬಿಡುವುದಿಲ್ಲ, ಸಾಮಾನಿನ ಪೆಟ್ಟಿಗೆಗೆ ಹಾಕಿ. ಚೌಕಾಸಿ ಮಾಡಬೇಡಿ. ಆದಷ್ಟು ದೀಪಾವಳಿಗೆ ಮುಂಚೆ ಹೋಗಿ. ರಾಗಿ ಕೊಯ್ಲು ಹತ್ತಿರ ಬಂದರೆ ಕಮ್ಮಾರರಿಗೆ ನಮ್ಮಂಥವರ ಜೊತೆ ಮಾತಾಡಲು ಬಿಡುವಿರುವುದಿಲ್ಲ.